ಅಭ್ಯರ್ಥಿಯ ಧರ್ಮ ನೋಡಿ ವೋಟು ಹಾಕಬೇಕಾ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಊರು. ಹಿಂದೂ ಮನೆ. ಕಳೆದ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಲ್ಲಿ ನಿಂತವರಲ್ಲಿ ಒಬ್ಬರು ಕ್ರೈಸ್ತರು. ಊರಿನ ಕೆಲಸಕ್ಕೆ ಓಡಾಡಿದವರು, ನನಗೆ ಅವರೇ ಸರಿ ಅನ್ನಿಸಿತ್ತು. "ನಮ್ಮವರನ್ನು ಬಿಟ್ಟು ಅವರಿಗೆ ಹಾಕಿದರೆ ನಾಳೆ ನಮ್ಮ ಕೆಲಸ ಯಾರು ಮಾಡಿಕೊಡ್ತಾರೆ?" ಅಂತ ದೊಡ್ಡಪ್ಪ ಹಠ ಹಿಡಿದರು. ಇನ್ನೊಬ್ಬ ಅಭ್ಯರ್ಥಿಯ ಕಡೆಯವರು ಮನೆಗೇ ಬಂದು ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ನಾನೂ ಮುಟ್ಟಿದೆ, ಅವರು ಹೇಳಿದವರಿಗೇ ಹಾಕಿದೆ. ಆಮೇಲಿಂದ ಮನಸ್ಸಿಗೆ ಸಮಾಧಾನವಿಲ್ಲ. ಧರ್ಮ ನೋಡಿ ವೋಟು ಹಾಕುವುದು ಸರಿಯಾ? ಕಾನೂನಿನಲ್ಲಿ ತಪ್ಪಾ? ಮುಂದಿನ ಸಲ ಬೇರೆಯವರಿಗೆ ಹಾಕಿದರೆ ಇವರಿಗೆ ಗೊತ್ತಾಗುತ್ತದಾ?

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಧರ್ಮ ನೋಡಿ ವೋಟು ಹಾಕುವುದು ಅಪರಾಧ ಅಲ್ಲ. ಧರ್ಮ, ಜಾತಿ, ಊರು, ಮಾತಿನ ಸೊಗಸು, ಯಾವ ಕಾರಣಕ್ಕೆ ಬೇಕಾದರೂ ನೀವು ವೋಟು ಹಾಕಬಹುದು. ಯಾಕೆ ಹಾಕಿದಿರಿ ಅಂತ ಕೇಳುವ ಅಧಿಕಾರ ಯಾರಿಗೂ ಇಲ್ಲ. ಯಾರಿಗೆ ಹಾಕಿದಿರಿ ಅಂತ ಹೇಳಲೇಬೇಕು ಎಂದು ಕೋರ್ಟಿನ ಕಟಕಟೆಯಲ್ಲಿ ನಿಂತಾಗಲೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 94ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಕಾನೂನು ಹಿಡಿಯುವುದು ವೋಟು ಹಾಕುವವರನ್ನಲ್ಲ, ಕೇಳುವವರನ್ನು. ಅದೇ ಕಾಯ್ದೆಯ 123(3) ಸೆಕ್ಷನ್ ಪ್ರಕಾರ ಅಭ್ಯರ್ಥಿಯಾಗಲಿ, ಅವರ ಏಜೆಂಟ್ ಆಗಲಿ, ಅವರ ಒಪ್ಪಿಗೆ ಪಡೆದ ಬೇರೆ ಯಾರೇ ಆಗಲಿ, ಧರ್ಮ, ಜಾತಿ, ಜನಾಂಗ, ಸಮುದಾಯ, ಭಾಷೆಯ ಹೆಸರಲ್ಲಿ ವೋಟು ಕೇಳಿದರೆ ಅದು ಚುನಾವಣಾ ಅಕ್ರಮ. "ಇಂಥವರಿಗೆ ಹಾಕಬೇಡಿ, ಅವರು ಆ ಧರ್ಮದವರು" ಎನ್ನುವುದೂ ಅಷ್ಟೇ ಅಕ್ರಮ. ರುಜುವಾತಾದರೆ ಗೆದ್ದವರ ಆಯ್ಕೆಯೇ ರದ್ದಾಗುತ್ತದೆ.

ಇದು ಬರೀ ಪುಸ್ತಕದಲ್ಲಿರುವ ಮಾತಲ್ಲ. ಮುಂಬೈನ ವಿಲೇ ಪಾರ್ಲೆಯಲ್ಲಿ 1987ರಲ್ಲಿ ನಡೆದ ಉಪಚುನಾವಣೆಯಲ್ಲಿ ಹಿಂದೂ ಧರ್ಮದ ಹೆಸರಲ್ಲಿ ವೋಟು ಕೇಳಿದ್ದಕ್ಕೆ ರಮೇಶ್ ಪ್ರಭು ಅವರ ಗೆಲುವು ರದ್ದಾಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಪರ ಭಾಷಣ ಮಾಡಿದ್ದ ಬಾಳ ಠಾಕ್ರೆ ಅವರಿಗೆ ಆರು ವರ್ಷ ವೋಟು ಹಾಕುವ ಹಕ್ಕೇ ಇಲ್ಲದಂತಾಯಿತು. ಹಾಗಂತ ಇದು ಒಂದು ಧರ್ಮದವರ ಮೇಲೆ ಮಾತ್ರ ಬೀಸುವ ಕೋಲು ಅಂದುಕೊಳ್ಳಬೇಡಿ. ಅದಕ್ಕೂ ಮುಂಚೆ, 1975ರಲ್ಲಿ, ಮುಂಬೈನದೇ ಇನ್ನೊಂದು ಪ್ರಕರಣದಲ್ಲಿ, ಎದುರಾಳಿ ನಿಜವಾದ ಮುಸ್ಲಿಮನೇ ಅಲ್ಲ ಎಂದು ಪ್ರಚಾರ ಮಾಡಿದ್ದ ಮುಸ್ಲಿಂ ಅಭ್ಯರ್ಥಿಯ ಗೆಲುವನ್ನೂ ಸುಪ್ರೀಂ ಕೋರ್ಟ್ ಉಳಿಸಲಿಲ್ಲ.

ಆಮೇಲೆ 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮವನ್ನು ಹಿಡಿದು ವೋಟು ಕೇಳಿದರೂ ಅಕ್ರಮವೇ ಎಂದು ನಾಲ್ವರು ಹೇಳಿದರು. ಮೂವರು ಒಪ್ಪಲಿಲ್ಲ. ಆ ಮೂವರ ವಾದ ನನಗೆ ಇವತ್ತಿಗೂ ತುಂಬಾ ಮುಖ್ಯ ಅನ್ನಿಸುತ್ತದೆ. ಧರ್ಮದ ಕಾರಣಕ್ಕೋ ಜಾತಿಯ ಕಾರಣಕ್ಕೋ ತಲೆಮಾರುಗಳಿಂದ ಅನ್ಯಾಯ ಉಂಡವರು ಆ ಅನ್ಯಾಯವನ್ನು ಚುನಾವಣೆಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡಬೇಕು ಅಂತ ಅವರ ಕಾಳಜಿ. "ನಾನು ನಿಮ್ಮವನು, ಅದಕ್ಕೇ ನನಗೆ ಹಾಕಿ" ಎನ್ನುವುದು ಬೇರೆ, "ನಿಮ್ಮ ಕೇರಿಗೆ ನೀರು ಬಂದಿಲ್ಲ, ನಿಮ್ಮ ಸ್ಮಶಾನಕ್ಕೆ ಜಾಗ ಕೊಟ್ಟಿಲ್ಲ, ಅದನ್ನು ಸರಿಮಾಡುತ್ತೇನೆ" ಎನ್ನುವುದು ಬೇರೆ. ವೋಟು ಹಾಕುವಾಗ ಈ ಎರಡರ ಮಧ್ಯದ ಗೆರೆಯನ್ನು ನೀವು ಮನಸ್ಸಲ್ಲಿ ಇಟ್ಟುಕೊಳ್ಳಬೇಕು.

ಕಾನೂನೇ ಧರ್ಮ ನೋಡುವ ಒಂದು ಜಾಗವೂ ಇದೆ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಲ್ಲಿ ಹಿಂದೂ, ಸಿಖ್ ಅಥವಾ ಬೌದ್ಧ ಧರ್ಮದವರು ಮಾತ್ರ ನಿಲ್ಲಬಹುದು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಪರಿಶಿಷ್ಟ ಪಂಗಡದ ಕ್ಷೇತ್ರಗಳಿಗೆ ಈ ಷರತ್ತಿಲ್ಲ. ಉಳಿದ ಕಡೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿನಲ್ಲಿ ಕೇಸು, ಆಸ್ತಿ, ಸಾಲ, ಓದು ಎಲ್ಲ ಬರೆಯಬೇಕು. ಧರ್ಮ ಯಾವುದು ಅಂತ ಕೇಳುವ ಕಾಲಮ್ಮೇ ಇಲ್ಲ.

ಈಗ ನಿಮ್ಮ ದೊಡ್ಡಪ್ಪನ ಮಾತಿಗೆ ಬರೋಣ. ಅವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಅವರು ಕೇಳಿದ ಪ್ರಶ್ನೆ ನಿಜವಾದದ್ದು, "ನಮ್ಮ ಕೆಲಸ ಯಾರು ಮಾಡಿಕೊಡ್ತಾರೆ?" ಆದರೆ ಅದಕ್ಕೆ ಅವರು ಕಂಡುಕೊಂಡ ಉತ್ತರ ಮಾತ್ರ ಸರಿಯಿಲ್ಲ. ಒಬ್ಬ ಶಾಸಕರ ಕೈಯಲ್ಲಿ ಏನೇನು ಇದೆ ಅಂತ ನೋಡಿ, ಆಗ ಗೊತ್ತಾಗುತ್ತದೆ.

ಮೊದಲನೆಯದು ಸದನದ ಕೆಲಸ, ಕಾನೂನು ಮಾಡುವುದು. ಅಲ್ಲಿ ಶಾಸಕರ ಸ್ವಂತ ಧರ್ಮಕ್ಕೆ ಹೆಚ್ಚುಕಡಿಮೆ ಬೆಲೆಯೇ ಇಲ್ಲ. 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ, ಪಕ್ಷ ವಿಪ್ ಕೊಟ್ಟರೆ ಅದರಂತೆ ವೋಟು ಹಾಕಬೇಕು, ಮೀರಿದರೆ ಸ್ಥಾನವೇ ಹೋಗಬಹುದು. ಹಾಗಾಗಿ ಗೋಹತ್ಯೆ ನಿಷೇಧ ಮಸೂದೆ ಬರಲಿ, ಮತಾಂತರ ನಿಷೇಧ ಮಸೂದೆ ಬರಲಿ, ಸದನ ಒಡೆಯುವುದು ಪಕ್ಷದ ಗೆರೆಯ ಮೇಲೆ, ಶಾಸಕರು ಯಾವ ದೇವರಿಗೆ ಕೈಮುಗಿಯುತ್ತಾರೆ ಅನ್ನುವುದರ ಮೇಲೆ ಅಲ್ಲ. ಇಂಥ ವಿಷಯಗಳು ನಿಮಗೆ ಮುಖ್ಯ ಅನ್ನಿಸಿದರೆ, ಅನ್ನಿಸುವುದರಲ್ಲಿ ಏನೂ ತಪ್ಪಿಲ್ಲ, ಪಕ್ಷದ ಪ್ರಣಾಳಿಕೆ ಓದಿ. ಅಭ್ಯರ್ಥಿಯ ಹೆಸರು ಓದಿ ಅದನ್ನು ಊಹಿಸಲು ಆಗುವುದಿಲ್ಲ.

ಇದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. 2004ರ ಲೋಕಸಭೆ ಚುನಾವಣೆ, ಬೆಂಗಳೂರು ಉತ್ತರ. ಕಾಂಗ್ರೆಸ್ಸಿನಿಂದ ಸಿ.ಕೆ. ಜಾಫರ್ ಷರೀಫ್, ಮುಸ್ಲಿಮರು, 1977ರಿಂದ ಆ ಕ್ಷೇತ್ರದಲ್ಲಿ ಹಲವು ಸಲ ಗೆದ್ದವರು, ರೈಲ್ವೆ ಮಂತ್ರಿಯಾಗಿದ್ದವರು. ಅವರೆದುರು ಬಿಜೆಪಿಯಿಂದ ಎಚ್.ಟಿ. ಸಾಂಗ್ಲಿಯಾನ, ಮಿಜೋರಾಂ ಮೂಲದ ಕ್ರೈಸ್ತರು, ನಿವೃತ್ತ ಪೊಲೀಸ್ ಅಧಿಕಾರಿ. ಸಾಂಗ್ಲಿಯಾನ ಗೆದ್ದರು. ಅಂದರೆ ಹಿಂದೂಗಳೇ ಜಾಸ್ತಿ ಇರುವ ಒಂದು ದೊಡ್ಡ ಕ್ಷೇತ್ರದಲ್ಲಿ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳೂ ಹಿಂದೂಗಳಾಗಿರಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಮುಂದೆ 2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದದ ವಿಷಯಕ್ಕೆ ವಿಶ್ವಾಸಮತ ಬಂದಾಗ ಸಾಂಗ್ಲಿಯಾನ ತಮ್ಮ ಪಕ್ಷದ ವಿಪ್ ಮೀರಿ ಸರ್ಕಾರದ ಪರ ವೋಟು ಹಾಕಿದರು, ಪಕ್ಷ ಅವರನ್ನು ಹೊರಗೆ ಹಾಕಿತು. ಅವರ ಧರ್ಮ ಹಿಡಿದುಕೊಂಡು 2004ರಲ್ಲಿ ಲೆಕ್ಕ ಹಾಕಿದವರು ಯಾರಿಗೂ ಇದು ಮೊದಲೇ ಗೊತ್ತಾಗುವಂತಿರಲಿಲ್ಲ.

ಎರಡನೆಯದು ತಾಲ್ಲೂಕಿನ ಕೆಲಸ. ನಿಮ್ಮ ದೊಡ್ಡಪ್ಪನ ಭಯ ಇರುವುದು ಇಲ್ಲಿ. ನನ್ನ ಪ್ರಕಾರ ಗಮನ ಇಡಬೇಕಾದ್ದೂ ಇಲ್ಲೇ. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಮಂಜೂರು ಮಾಡುವ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಆಶ್ರಯ ಮನೆ ಪಟ್ಟಿಯಲ್ಲಿ ಅವರ ಮಾತು ನಡೆಯುತ್ತದೆ. ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ಅನುದಾನ ಯಾವ ರಸ್ತೆಗೆ, ಯಾವ ಶಾಲೆಗೆ ಹೋಗಬೇಕು ಅಂತ ಅವರು ಹೇಳುತ್ತಾರೆ. ತಹಶೀಲ್ದಾರ್ ಯಾರು ಬರಬೇಕು, ಇನ್‌ಸ್ಪೆಕ್ಟರ್ ಯಾರು ಇರಬೇಕು ಅನ್ನುವುದರಲ್ಲೂ ಅವರ ಶಿಫಾರಸು ಓಡಾಡುತ್ತದೆ. ಇಲ್ಲಿ ಒಬ್ಬ ಪಕ್ಷಪಾತಿ ಮನುಷ್ಯ ಕೂತರೆ ನಿಜವಾಗಿಯೂ ಜನರಿಗೆ ತೊಂದರೆ. ಆದರೆ "ನಮ್ಮವರು" ಕೂತ ಮಾತ್ರಕ್ಕೆ ನಮ್ಮ ಫೈಲು ಮುಂದೆ ಹೋಗುತ್ತದಾ? ನಿಮ್ಮ ಊರಲ್ಲೇ ಕೇಳಿ ನೋಡಿ. ಸಾಗುವಳಿ ಚೀಟಿಗೆ ಹತ್ತು ಹದಿನೈದು ವರ್ಷದಿಂದ ಅಲೆಯುತ್ತಿರುವವರು ಇದ್ದೇ ಇರುತ್ತಾರೆ. ಅಷ್ಟೂ ವರ್ಷ ಶಾಸಕರಾಗಿದ್ದವರು ಯಾವ ಧರ್ಮದವರು? ಮಲೆನಾಡಿನ ಬಹುಪಾಲು ಕ್ಷೇತ್ರಗಳಲ್ಲಿ ಹಿಂದೂಗಳೇ. ಹಿಂದೂ ಶಾಸಕರ ಕಾಲದಲ್ಲೇ ಹಿಂದೂ ರೈತರ ಅರ್ಜಿ ಕೊಳೆತಿದ್ದರೆ ಅದಕ್ಕೆ ಕಾರಣ ಅರಣ್ಯ ಇಲಾಖೆಯ ತಕರಾರು, ಸಮಿತಿ ಸಭೆಯೇ ಕರೆಯದಿರುವುದು, ಮಧ್ಯವರ್ತಿಗಳು, ದುಡ್ಡು. ಧರ್ಮ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಾಗಾಗಿ ದೊಡ್ಡಪ್ಪನಿಗೆ ವಾಪಸ್ ಕೇಳಬೇಕಾದ ಪ್ರಶ್ನೆ ಇದು. ಆ ಕ್ರೈಸ್ತ ಅಭ್ಯರ್ಥಿ ಊರಿನ ಕೆಲಸಕ್ಕೆ ಓಡಾಡಿದರು ಅಂತ ನೀವೇ ಬರೆದಿದ್ದೀರಿ. ಯಾರ ಕೆಲಸಕ್ಕೆ? ಬರೀ ತಮ್ಮ ಚರ್ಚಿನವರ ಕೆಲಸಕ್ಕಾ, ಎಲ್ಲರ ಕೆಲಸಕ್ಕಾ? ತಮ್ಮವರ ಕೆಲಸಕ್ಕೆ ಮಾತ್ರ ಆಗಿದ್ದರೆ ಅವರಿಗೆ ವೋಟು ಹಾಕಬೇಡಿ, ಆಗ ನೀವು ನೋಡಿದ್ದು ಅವರ ಧರ್ಮವನ್ನಲ್ಲ, ನಡತೆಯನ್ನು. ಎಲ್ಲರಿಗಾಗಿ ಆಗಿದ್ದರೆ, ಇನ್ನೇನು ಪುರಾವೆ ಬೇಕು?

ಕರಾವಳಿಯ ಜನ ಒಂದು ಕಾಲಕ್ಕೆ ಈ ಲೆಕ್ಕವನ್ನೇ ಹಾಕಿದ್ದರು. ಉಡುಪಿ ಲೋಕಸಭಾ ಕ್ಷೇತ್ರದಿಂದ ಕ್ರೈಸ್ತರಾದ ಆಸ್ಕರ್ ಫರ್ನಾಂಡಿಸ್ 1980ರಿಂದ 1996ರವರೆಗೆ ಸತತ ಐದು ಸಲ ಗೆದ್ದರು, ಕೃಷ್ಣ ಮಠದ ಊರಿನಿಂದ. ಅಲ್ಲಿನ ಕ್ಯಾಥೊಲಿಕ್ ವೋಟು ಮಾತ್ರ ಹಿಡಿದು ಯಾರೂ ಒಂದು ಸಲವೂ ಗೆಲ್ಲಲು ಆಗುವುದಿಲ್ಲ. ಬಂಟರು, ಬಿಲ್ಲವರು, ಮೊಗವೀರರು, ಬ್ರಾಹ್ಮಣರು ವೋಟು ಹಾಕಿದ್ದರಿಂದಲೇ ಅದು ಸಾಧ್ಯವಾಯಿತು. 1998ರಲ್ಲಿ ಸೋತರು, ಆ ಹೊತ್ತಿಗೆ ಕರಾವಳಿಯ ರಾಜಕೀಯದ ಬಣ್ಣವೇ ಬದಲಾಗಿತ್ತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು, 1977ರಲ್ಲಿ ಜೈಲಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದರು. ಅಲ್ಲಿನ ಜನಕ್ಕೆ ಅವರ ಭಾಷೆಯೂ ಬೇರೆ, ಧರ್ಮವೂ ಬೇರೆ. ತುರ್ತು ಪರಿಸ್ಥಿತಿಯ ವಿರುದ್ಧ ನಿಂತವರು ಅನ್ನುವುದು ಅವರಿಗೆ ಸಾಕಾಯಿತು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದ ವಿಷಯ. ಧರ್ಮದ ಪ್ರಕಾರ ವೋಟು ಹಾಕುವುದು ಈ ದೇಶದಲ್ಲಿ ಒಂದು ಕಾಲಕ್ಕೆ ಕಾನೂನೇ ಆಗಿತ್ತು. 1909ರಲ್ಲಿ ಬ್ರಿಟಿಷರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು. ಆ ಸ್ಥಾನಗಳಿಗೆ ಮುಸ್ಲಿಂ ಅಭ್ಯರ್ಥಿ, ಮುಸ್ಲಿಂ ಮತದಾರರು, ಅಷ್ಟೇ. ಅಭ್ಯರ್ಥಿಗೆ ಬೇರೆ ಧರ್ಮದವರ ಮನೆ ಬಾಗಿಲು ತಟ್ಟುವ ಅಗತ್ಯವೇ ಇರಲಿಲ್ಲ. ತಟ್ಟುವ ಅಗತ್ಯ ಇಲ್ಲದ ಮೇಲೆ ಅವರ ಕಷ್ಟಸುಖ ಯಾಕೆ ಕೇಳಬೇಕು? ಅದರ ಫಲ ಎಲ್ಲಿಗೆ ಹೋಗಿ ಮುಟ್ಟಿತು ಅಂತ 1947ರಲ್ಲಿ ಎಲ್ಲರೂ ನೋಡಿದರು.

ಸಂವಿಧಾನ ಬರೆದವರು ಅದನ್ನು ಕಿತ್ತುಹಾಕಿದರು. ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮದ ಕಾರಣಕ್ಕೆ ಯಾರನ್ನೂ ಬಿಡುವಂತಿಲ್ಲ ಅಂತ 325ನೇ ವಿಧಿ ಹೇಳುತ್ತದೆ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಸ್ಥಾನ ಮೀಸಲಿಡುವ ಆಲೋಚನೆ ಆಗಿನ್ನೂ ಇತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನೂ ಕೈಬಿಟ್ಟಿತು. ಮೀಸಲು ಬೇಡ ಅಂದವರಲ್ಲಿ ಬೇಗಂ ಐಜಾಜ್ ರಸೂಲ್ ಒಬ್ಬರು. ಮೀಸಲು ಸ್ಥಾನ ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ದೂರ ಮಾಡುತ್ತದೆ ಎನ್ನುವುದು ಅವರ ಮಾತಾಗಿತ್ತು. ದೇಶ ಆಗಷ್ಟೇ ಒಡೆದು ಲಕ್ಷಾಂತರ ಜನ ಸತ್ತಿದ್ದ ಕಾಲ ಅದು. ಆ ಹೊತ್ತಿನಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳು ಎದ್ದುನಿಂತು, ನಮಗೆ ಬೇರೆ ಸ್ಥಾನ ಬೇಡ, ಎಲ್ಲರ ಜೊತೆ ನಿಲ್ಲುತ್ತೇವೆ ಅಂದರು. ಯಾವ ಧೈರ್ಯದ ಮೇಲೆ? ಉಳಿದವರೂ ಧರ್ಮ ನೋಡದೆ ವೋಟು ಹಾಕುತ್ತಾರೆ ಅನ್ನುವ ಧೈರ್ಯದ ಮೇಲೆ. ಅದನ್ನು ಉಳಿಸುವ ಜವಾಬ್ದಾರಿ ನಮ್ಮ ಮೇಲಿದೆ, ನಿಮ್ಮ ಮನೆಯ ಮೇಲೂ ಇದೆ.

ಇವತ್ತಿನ ಸ್ಥಿತಿ ನೋಡಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಸುಮಾರು ಶೇ. 13. 2023ರಲ್ಲಿ 224 ಶಾಸಕರಲ್ಲಿ ಗೆದ್ದ ಮುಸ್ಲಿಮರು 9 ಜನ. 2009, 2014, 2019, 2024, ಈ ನಾಲ್ಕು ಲೋಕಸಭೆ ಚುನಾವಣೆಗಳಲ್ಲಿ ರಾಜ್ಯದಿಂದ ಒಬ್ಬ ಮುಸ್ಲಿಂ ಸಂಸದರೂ ಗೆದ್ದಿಲ್ಲ. ಇದಕ್ಕೆ ಪಕ್ಷಗಳು ಟಿಕೆಟ್ ಕೊಡದಿರುವುದೂ ಕಾರಣ, ಕೊಟ್ಟಾಗ ನಾವು ಹಾಕದಿರುವುದೂ ಕಾರಣ, ಮತ್ತು ನಾವು ಹಾಕುವುದಿಲ್ಲ ಅಂತ ಗೊತ್ತಿರುವುದರಿಂದಲೇ ಪಕ್ಷಗಳು ಟಿಕೆಟ್ ಕೊಡುವುದಿಲ್ಲ. "ಅವರು ಧರ್ಮ ನೋಡಿ ವೋಟು ಹಾಕ್ತಾರೆ, ನಾವ್ಯಾಕೆ ಹಾಕಬಾರದು?" ಅಂತ ಕೇಳುವವರು ಒಂದು ಸಂಗತಿ ಮರೆಯುತ್ತಾರೆ. ಈ ರಾಜ್ಯದ ಬಹುಪಾಲು ಕ್ಷೇತ್ರಗಳಲ್ಲಿ ಒಬ್ಬ ಮುಸ್ಲಿಂ ಅಥವಾ ಕ್ರೈಸ್ತ ಮತದಾರರು ಜೀವಮಾನವಿಡೀ ಹಿಂದೂ ಅಭ್ಯರ್ಥಿಗಳಿಗೇ ವೋಟು ಹಾಕಿಕೊಂಡು ಬಂದಿರುತ್ತಾರೆ. ಬೇರೆ ಧರ್ಮದವರಿಗೆ ವೋಟು ಹಾಕುವುದು ಅವರಿಗೆ ಹೊಸದಲ್ಲ. ನಮಗೆ ಆ ಸಂದರ್ಭ ಬರುವುದೇ ಅಪರೂಪ, ಬಂದಾಗ ಹಿಂದೆ ಸರಿಯುತ್ತೇವೆ.

ಅದಕ್ಕೇ ನಾನು ಎರಡೂ ಕಡೆಯವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಎಲ್ಲೂ ತಮ್ಮವರ ಮುಖ ಕಾಣದ ಜನ "ಒಬ್ಬರಾದರೂ ನಮ್ಮವರು ಸದನದಲ್ಲಿ ಇರಲಿ" ಅಂತ ಆಸೆಪಡುವುದು ಒಂದು. ಸದನದ ತುಂಬಾ ತಮ್ಮವರೇ ಇರುವವರು "ಆ ಒಬ್ಬರೂ ಬೇಡ" ಅನ್ನುವುದು ಇನ್ನೊಂದು. ಮೊದಲನೆಯವರೂ ಅಭ್ಯರ್ಥಿಯ ಯೋಗ್ಯತೆ ನೋಡಬೇಕು ನಿಜ, ಆದರೆ ಎರಡನೆಯದರಲ್ಲಿ ಒಬ್ಬ ಮನುಷ್ಯರನ್ನು ಹುಟ್ಟಿನ ಕಾರಣಕ್ಕೆ ಬಾಗಿಲಾಚೆ ನಿಲ್ಲಿಸಿದ ಹಾಗಾಗುತ್ತದೆ.

ಹಾಗಾದರೆ ಧರ್ಮದ ವಿಷಯವಾಗಿ ಅಭ್ಯರ್ಥಿಯನ್ನು ಏನೂ ಕೇಳಲೇಬಾರದಾ? ಕೇಳಬಹುದು. 1960ರಲ್ಲಿ ಅಮೆರಿಕದಲ್ಲಿ ಜಾನ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಕ್ಯಾಥೊಲಿಕ್ ಆದ ಇವರು ಪೋಪ್ ಹೇಳಿದಂತೆ ದೇಶ ನಡೆಸುತ್ತಾರೆ ಅಂತ ಭಯ ಹಬ್ಬಿತ್ತು. ಕೆನಡಿ ಆ ವರ್ಷ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿಗೆ ಹೋಗಿ ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರೇ ನಿಂತು ಉತ್ತರ ಕೊಟ್ಟರು. ಸರ್ಕಾರದ ವಿಷಯದಲ್ಲಿ ಚರ್ಚಿನ ಅಪ್ಪಣೆ ಕೇಳುವುದಿಲ್ಲ, ನನ್ನ ಆತ್ಮಸಾಕ್ಷಿಗೂ ದೇಶದ ಹಿತಕ್ಕೂ ಹೊಂದಾಣಿಕೆ ಆಗದಿದ್ದರೆ ರಾಜೀನಾಮೆ ಕೊಡುತ್ತೇನೆ ಅಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಎಲ್ಲರಿಗೂ ಕೇಳಬೇಕು. ಕ್ರೈಸ್ತ ಅಭ್ಯರ್ಥಿಗೆ ಬಿಷಪ್ ಬಗ್ಗೆ ಕೇಳುವವರು, ಮಠದ ಸ್ವಾಮೀಜಿ ಫೋನ್ ಮಾಡಿದರೆ ನೀವು ಏನು ಮಾಡುತ್ತೀರಿ ಅಂತ ಹಿಂದೂ ಅಭ್ಯರ್ಥಿಗೂ ಕೇಳಬೇಕು. ನಮ್ಮ ರಾಜ್ಯದಲ್ಲಿ ಇಂಥ ಮಠದವರು ಇಂಥವರನ್ನೇ ಮಂತ್ರಿ ಮಾಡಿ ಅಂತ ವೇದಿಕೆ ಮೇಲೆ ನಿಂತೇ ಒತ್ತಾಯಿಸುವುದನ್ನು ನೋಡುತ್ತಲೇ ಇದ್ದೇವೆ ಅಲ್ವಾ?

ಇನ್ನು ಆಣೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಇದೇ. 123(2) ಸೆಕ್ಷನ್ನಿನಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಜಾತಿಯಿಂದ, ಸಮುದಾಯದಿಂದ ಬಹಿಷ್ಕಾರ ಹಾಕುತ್ತೇವೆ ಅಂತ ಬೆದರಿಸುವುದು ಒಂದು. ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಅಂತ ನಂಬಿಸಿ ವೋಟು ಪಡೆಯುವುದು ಇನ್ನೊಂದು. ಅಭ್ಯರ್ಥಿಯೋ ಏಜೆಂಟೋ ಅವರ ಒಪ್ಪಿಗೆಯಿಂದ ಬೇರೆಯವರೋ ಇದನ್ನು ಮಾಡಿದರೆ ಚುನಾವಣಾ ಅಕ್ರಮ. ದೇವರ ಫೋಟೋ ಮುಟ್ಟಿಸುವುದು, ಅರಿಶಿನ ಕುಂಕುಮದ ಜೊತೆ ನೋಟು ಕೊಟ್ಟು ಧರ್ಮಸ್ಥಳದ ಹೆಸರು ಹೇಳಿಸುವುದು, ಇವೆಲ್ಲ ಇಲ್ಲೇ ಬರುತ್ತವೆ. ಮುಂದಿನ ಸಲ ಯಾರಾದರೂ ಹೀಗೆ ಬಂದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲೇ ಫೋಟೋ ಅಥವಾ ವಿಡಿಯೋ ತೆಗೆದು ಕಳಿಸಿ, ಹೆಸರು ಹೇಳದೆಯೂ ದೂರು ಕೊಡಬಹುದು. ಚುನಾವಣಾ ತಕರಾರು ಅರ್ಜಿಯನ್ನು ಆ ಕ್ಷೇತ್ರದ ಯಾವ ಮತದಾರರು ಬೇಕಾದರೂ ಹೈಕೋರ್ಟಿನಲ್ಲಿ ಹಾಕಬಹುದು, ಆದರೆ ಫಲಿತಾಂಶ ಬಂದ 45 ದಿನದ ಒಳಗೆ. ಕಳೆದ ಸಲದ್ದಕ್ಕೆ ಆ ಗಡುವು ಮುಗಿದಿದೆ.

ನೀವು ಮಾಡಿದ ಆಣೆಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ನಂಬಿಕೆಯ ದೃಷ್ಟಿಯಿಂದ ಏನು ಅಂತ ಹೇಳಲು ನಾನು ಅರ್ಚಕಳಲ್ಲ, ಆದರೆ ನಾನೂ ದೇವರನ್ನು ನಂಬುವವಳೇ. ಮನೆಯ ಹಿರಿಯರ ಎದುರು ನಿಲ್ಲಿಸಿ, ಬೇಡ ಅನ್ನಲು ಆಗದಂತೆ ಮಾಡಿ, ವೋಟಿಗಾಗಿ ದೇವರನ್ನು ಬಳಸಿಕೊಂಡ ಪಾಪ ನಿಮ್ಮದಲ್ಲ, ಬಳಸಿಕೊಂಡವರದು.

ಕಡೆಯದಾಗಿ, ಗೊತ್ತಾಗುತ್ತದಾ ಅನ್ನುವ ಭಯ. ನೀವು ಯಾರಿಗೆ ಹಾಕಿದಿರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮತಯಂತ್ರಕ್ಕೆ ಜೋಡಿಸಿರುವ ವಿವಿಪ್ಯಾಟ್‌ನ ಚೀಟಿ 7 ಸೆಕೆಂಡು ನಿಮಗೊಬ್ಬರಿಗೆ ಕಂಡು ಡಬ್ಬಿಯೊಳಗೆ ಬೀಳುತ್ತದೆ, ಅದರ ಮೇಲೆ ನಿಮ್ಮ ಹೆಸರಿರುವುದಿಲ್ಲ. ಆದರೆ ನಿಮ್ಮ ಊರಿನವರ ಭಯ ಪೂರ್ತಿ ಸುಳ್ಳೂ ಅಲ್ಲ. ಎಣಿಕೆ ನಡೆಯುವುದು ಬೂತ್ ಪ್ರಕಾರ, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಪಟ್ಟಿ ಫಾರ್ಮ್ 20ರಲ್ಲಿ ಹೊರಗೆ ಬರುತ್ತದೆ. ಸಣ್ಣ ಊರು, ಒಂದೇ ಬೂತು, ಹೆಚ್ಚೂಕಡಿಮೆ ಒಂದೇ ಸಮುದಾಯ ಇದ್ದರೆ "ಆ ಕೇರಿಯವರು ನಮಗೆ ಹಾಕಿಲ್ಲ" ಅಂತ ಲೆಕ್ಕ ಹಾಕಿ ರಸ್ತೆ ತಡೆಹಿಡಿಯುವವರು ಇದ್ದಾರೆ. ಹಲವು ಬೂತುಗಳ ವೋಟನ್ನು ಒಟ್ಟಿಗೆ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ಬೇಕು ಅಂತ ಚುನಾವಣಾ ಆಯೋಗ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದು ಬರಬೇಕು ಅಂತ ನಾನು ಸಿಕ್ಕ ಕಡೆಯೆಲ್ಲ ಹೇಳುತ್ತಿರುತ್ತೇನೆ. ಈಗಿರುವ ವ್ಯವಸ್ಥೆಯಲ್ಲಿ ನಿಮ್ಮ ಬೂತಿನಲ್ಲಿ ಆ ಅಭ್ಯರ್ಥಿಗೆ ನಲವತ್ತು ವೋಟು ಬಿತ್ತು ಅಂತ ಅವರಿಗೆ ಗೊತ್ತಾಗಬಹುದು, ಆ ನಲವತ್ತರಲ್ಲಿ ನಿಮ್ಮದೂ ಒಂದಾ ಅಂತ ಮಾತ್ರ ನಿಮ್ಮ ದೊಡ್ಡಪ್ಪನಿಗೂ ಗೊತ್ತಾಗುವುದಿಲ್ಲ.